ಯತಿನ್‌ನ ಎಡಗಿವಿ

ಅಪ್ಪ ಆವತ್ತೂ ಕೇಳಿಯೇಬಿಟ್ಟರು. ಕೇಳದೆ ಬಿಟ್ಟಾರು ಎಂದು ಮುರಾರಿ ಯಾಕೆ ಅಂದುಕೊಂಡನೋ. ಭಾನುವಾರ, ಹಳಿ ರಿಪೇರಿಗೆಂದು ಗಾಡಿ ತಡೆಯುವ ಮೆಗಾಬ್ಲಾಕು, ಹನ್ನೊಂದರೊಳಗೆ ಡೊಂಬಿವಲಿ ಬಿಡದಿದ್ದರೆ ವಾಶಿ ಮುಟ್ಟುವಾಗ ಸೌಂಡ್‌ಚೆಕ್ ಮುಗಿದಿರುತ್ತದೆ ಎಂಬ ಗಡಿಬಿಡಿಯಲ್ಲಿ ಅವನು ಕಾಂಗಾ ಡ್ರಮ್ಮಿನ ಚೀಲದ ಜಿಪ್ಪು ಎಳೆಯುತ್ತಿದ್ದ. ಎಪ್ಪತ್ತೊಂಬತ್ತರ ಹರಿಶ್ಚಂದ್ರರು ದೋಸೆಯ ಕೊನೆಯ ತುಂಡನ್ನು ಚಟ್ನಿಯಲ್ಲಿ ಹೊರಳಿಸುತ್ತ, ಕಿವಿಯೊಳಗಿನ ಯಂತ್ರವನ್ನು ಬೆರಳಿನಿಂದ ಒತ್ತಿಕೊಂಡು, "ಯತಿನ್‌ನ ಕಿವಿ ಹೇಗುಂಟು ಈಗ?" ಎಂದರು. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಇದೇ ಪ್ರಶ್ನೆ, ಇದೇ ಕನಿಕರ. ಹಾಗೇ ಉಂಟು, ಎಡದ್ದು ಹೋಗಿದೆ ಅಂದರೆ ಹೋಗಿದೆ, ಅದಿನ್ನು ಬರುವುದಿಲ್ಲ ಎಂದು ಮುರಾರಿ ಸ್ವಲ್ಪ ಜೋರಾಗಿಯೇ ಹೇಳಿದ. "ಪಾಪ," ಎಂದರು ಅಪ್ಪ, "ನಂದು ಐವತ್ತು ವರ್ಷ ಜಾಗಟೆ ತಿಂದ ಕಿವಿ, ಹೋದ್ರೆ ಹೋಯ್ತು. ಅವನದ್ದು ಪಿಯಾನೋದವನ ಕಿವಿ. ಎಂತ ಗ್ರಹಚಾರ ಮಾರಾಯ!"

ಗ್ರಹಚಾರವಂತೆ! ಅಪ್ಪನಿಗೆ ಎಲ್ಲವೂ ಶನಿಯ ಕಾರುಬಾರು. ಪ್ರತಿ ಶನಿವಾರ ಸಂಜೆ ಹೋಟೆಲಿನ ಗಲ್ಲಾವನ್ನು ಬೇರೆಯವರಿಗೆ ಒಪ್ಪಿಸಿ, ಊರ ಕಡೆಯವರೇ ಕಟ್ಟಿಸಿದ ಶನಿಮಂದಿರಕ್ಕೆ ಹೋಗಿ, ಗ್ರಂಥ ಓದುವವರ ಮಗ್ಗುಲಲ್ಲಿ ನಿಂತು ಮಂಗಳಾರತಿಗೆ ಜಾಗಟೆ ಹೊಡೆದವರು ಅವರು. ಮಗ ಇನ್ನೊಬ್ಬನ ಕಿವಿ ಒಡೆದರೂ ಅದರ ಹೊಣೆ ಮೇಲಿನವನಿಗೆ. ಹಾಗೆಂದು ತಾನೂ ನಂಬಿಬಿಟ್ಟರೆ ಎಷ್ಟು ಸುಖ ಎಂದು ಮುರಾರಿಗೆ ಅನಿಸಿತು, ಅನಿಸಿದ್ದಕ್ಕೆ ಹೇಸಿಗೆಯೂ ಆಯಿತು. ಅಷ್ಟರಲ್ಲಿ ವಾರಿಜಾ ಅಡಿಗೆಮನೆಯಿಂದ ಬಂದು ಗಂಡನ ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸಿದಳು. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಹದಿನೈದು ವರ್ಷ ಕಾಗದಪತ್ರ ನೋಡಿಕೊಂಡ ಹೆಂಗಸು, ಸಹಿ ಇಲ್ಲದ ಕಾಗದ ಕಂಡರೆ ಅವಳಿಗೆ ಮೈಯೆಲ್ಲ ತುರಿಕೆ. "ಕಾಗದ ಅದೇ ಜೇಬಲ್ಲುಂಟು. ಟ್ರೇನಲ್ಲೇ ಸಹಿ ಹಾಕಿ ಫೋಟೋ ಕಳಿಸಿಬಿಡಿ. ಸಂಜೆಯೊಳಗೆ ಬೇಕಂತೆ ಅವರಿಗೆ." ಮುರಾರಿ ಹೂಂ ಎಂದ. "ಬರೀ ಹೂಂ ಅಲ್ಲ. ಅವ ಬರೆದು ಕೊಟ್ಟಾಗಿದೆ, ನಿಮಗೆಂತ ಕಷ್ಟ?" ಕಷ್ಟ ಎಂತದ್ದು ಎಂದು ಹೇಳಲು ಬಾಯಿ ತೆರೆದವನು ಚೀಲವನ್ನು ಬೆನ್ನಿಗೇರಿಸಿಕೊಂಡು ಚಪ್ಪಲಿ ಹುಡುಕತೊಡಗಿದ.

ಕಾಗದದಲ್ಲಿ ಇದ್ದದ್ದು ನಾಲ್ಕೇ ಸಾಲು. ಯತಿನ್ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ್ದ. ಕರಾಟೆ ಕ್ಲಾಸಿನಲ್ಲಿ ಇಬ್ಬರೂ ಎದುರುಬದುರಾಗಿ ಅಭ್ಯಾಸ ಮಾಡುವಾಗ ನಾನೇ ಅಂದಾಜು ತಪ್ಪಿ ಒಂದು ಹೆಜ್ಜೆ ಮುಂದೆ ಬಂದೆ, ಮುರಾರಿಯವರು ಕೈಯನ್ನು ನಿಯಮದಂತೆಯೇ ನಿಲ್ಲಿಸಿದ್ದರು, ನನ್ನ ಕಿವಿಗೆ ಆದ ಪೆಟ್ಟು ನನ್ನದೇ ತಪ್ಪು, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಅದರ ಕೆಳಗೆ ಯತಿನ್‌ನ ಸಹಿ. ಅದರ ಕೆಳಗೆ ಇನ್ನೊಂದು ಸಾಲು: ಮೇಲೆ ಹೇಳಿದ್ದು ನಿಜ. ಅದರ ಮುಂದೆ ಖಾಲಿ ಜಾಗ. ಅಲ್ಲಿ ಮುರಾರಿ ಹೆಸರು ಬರೆದರೆ ಸಾಕು, ಕ್ಲಾಸು ನಡೆಸುವ ಸಂಘದ ಅಧ್ಯಕ್ಷ ವಸಂತಕುಮಾರರು ನಾಳೆಯಿಂದ ಕ್ಲಾಸು ಮತ್ತೆ ಅವನ ಕೈಗೆ ಕೊಡುತ್ತಾರೆ. ಎಂಟು ತಿಂಗಳಿಂದ ಮುನಿಸಿಪಾಲಿಟಿ ಶಾಲೆಯ ಆ ಹಾಲಿಗೆ ಅವನು ಕಾಲಿಟ್ಟಿಲ್ಲ. ಇಪ್ಪತ್ತೆರಡು ವರ್ಷ ಕಲಿಸಿದ ಜಾಗ. ಅತ್ತ ಕಡೆಯ ರಸ್ತೆ ಬಿಟ್ಟು ಸುತ್ತು ಬಳಸಿ ತರಕಾರಿ ತರುತ್ತಾನೆ. ಸಹಿ ಹಾಕದಿದ್ದರೆ ಆ ಬಾಗಿಲು ಮುಚ್ಚಿತೆಂದೇ ಅರ್ಥ. ಮತ್ತೆ, ಯಾಕೆ ಹಾಕಲಿಲ್ಲ ಎಂದು ಜನ ಕೇಳುತ್ತಾರೆ, ಎಲ್ಲರಿಗಿಂತ ಮೊದಲು ಯತಿನ್ ಕೇಳುತ್ತಾನೆ.

ಸ್ಲೋ ಗಾಡಿಯ ಲಗೇಜ್ ಡಬ್ಬಿಯಲ್ಲಿ ಮೂಲೆ ಸಿಕ್ಕಿತು. ಕಾಂಗಾವನ್ನು ಎರಡು ಮೊಣಕಾಲಿನ ನಡುವೆ ಹಿಡಿದು ನಿಂತ. ಕೊತ್ತಂಬರಿ ಮೂಟೆಯ ಮೇಲೆ ಕೂತಿದ್ದ ಒಬ್ಬಾತ ಚೀಲದ ಮೇಲೆ ಎರಡು ಬೆರಳಿನಿಂದ ತಟ್ಟಿ, "ಢೋಲಕ್ ಹೈ ಕ್ಯಾ?" ಎಂದ. ಮುರಾರಿ ಹೌದೆಂದ. ಮೂವತ್ತು ವರ್ಷದಿಂದ ಹೌದೆನ್ನುತ್ತಿದ್ದಾನೆ. ಹತ್ತೊಂಬತ್ತನೇ ವಯಸ್ಸಿಗೆ ಗಣಪತಿ ಪೆಂಡಾಲುಗಳ ಆರ್ಕೆಸ್ಟ್ರಾದಲ್ಲಿ ಕೈ ಹಚ್ಚಿದ್ದು. ಆಮೇಲೆ ರಬಾಳೆಯ ಕೆಮಿಕಲ್ ಫ್ಯಾಕ್ಟರಿಯಲ್ಲಿ ಆರು ವರ್ಷ, ಊಟದ ಬಿಡುವಿನಲ್ಲಿ ಖಾಲಿ ಡ್ರಮ್ಮುಗಳ ಮೇಲೆ ಬಾರಿಸುತ್ತ ಸೂಪರ್‌ವೈಸರನಿಂದ ಉಗಿಸಿಕೊಳ್ಳುತ್ತ. ಆಮೇಲೆ ಹಡಗು. ಪ್ರವಾಸಿಗಳ ಹಡಗಿನ ಬ್ಯಾಂಡಿನಲ್ಲಿ ನಾಲ್ಕು ವರ್ಷ. ಅಲ್ಲಿ ಹವಾನಾದ ಒಬ್ಬ ಮುದುಕ ಇವನ ತೊಡೆಯ ಮೇಲೆ ಬಡಿದು ಬಡಿದು ಕ್ಲಾವೆ ಕಲಿಸಿದ: ಮೂರು ಪೆಟ್ಟು, ಆಮೇಲೆ ಎರಡು, ಮತ್ತೆ ಮೂರು, ಮತ್ತೆ ಎರಡು. ಇಡೀ ಹಾಡು ನಿಂತಿರುವುದು ಆ ಐದು ಪೆಟ್ಟಿನ ಮೇಲೆ. ಒಮ್ಮೆ ಶುರುವಾಯಿತೆಂದರೆ ಅದು ಯಾರಿಗಾಗಿಯೂ ಕಾಯುವುದಿಲ್ಲ, ಯಾರಿಗಾಗಿಯೂ ತಿರುಗುವುದಿಲ್ಲ. ಎರಡರ ಜಾಗದಲ್ಲಿ ಬರಬೇಕಾದವನು ಮೂರರ ಜಾಗದಲ್ಲಿ ಬಂದರೆ ತಪ್ಪು ಬಂದವನದ್ದು, ಕ್ಲಾವೆಯದ್ದಲ್ಲ. ಮುದುಕನಿಗೆ ಇವನ ಭಾಷೆ ಬರುತ್ತಿರಲಿಲ್ಲ, ಇವನಿಗೆ ಅವನದ್ದು ಬರುತ್ತಿರಲಿಲ್ಲ, ತೊಡೆ ಮಾತ್ರ ವಾರಗಟ್ಟಲೆ ಕೆಂಪಗಿರುತ್ತಿತ್ತು.

ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ಎಲ್ಲರೂ ಹೇಳಿದ್ದರು. ಕರಾಟೆಗೆ ಕೈ ಗಟ್ಟಿಯಾಗಬೇಕು, ಕಾಂಗಾಕ್ಕೆ ಕೈ ಮೆತ್ತಗಿರಬೇಕು. ಮುರಾರಿ ಒಂದು ದಿನವೂ ಹೆಂಚು ಒಡೆಯಲಿಲ್ಲ, ಹಲಗೆ ಗುದ್ದಲಿಲ್ಲ. ದಿನಾ ಸಂಜೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕೈ ಅದ್ದಿ ಕೂರುತ್ತಿದ್ದ. ಅವನ ಹೆಸರು ನಿಂತದ್ದು ಬೇರೆಯದರ ಮೇಲೆ. ಎದುರಾಳಿಯ ಚರ್ಮಕ್ಕೆ ಒಂದು ಅಂಗುಲ ಇರುವಾಗ ಕೈಯನ್ನು ನಿಲ್ಲಿಸುವುದರ ಮೇಲೆ. ಹೊಡೆಯಲು ಯಾರಿಗೂ ಬರುತ್ತದೆ, ಬೀದಿಯ ಪುಂಡನಿಗೂ ಬರುತ್ತದೆ. ಪೂರ್ತಿ ಬಲದಿಂದ ಹೊರಟ ಕೈ ಒಂದು ಅಂಗುಲದ ಈಚೆಗೆ ನಿಂತರೆ ಅದು ವಿದ್ಯೆ ಎಂದು ಅವನೇ ಸಾಲಾಗಿ ನಿಂತ ಮಕ್ಕಳಿಗೆ ಹೇಳುತ್ತಿದ್ದ. ಪರೀಕ್ಷೆಗೆಂದು ಹಣೆಯ ಮೇಲೆ ಕುಂಕುಮ ಇಟ್ಟುಕೊಂಡು ಬಾ ಎನ್ನುತ್ತಿದ್ದ ಯತಿನ್‌ಗೆ; ಹಣೆಗೆ ಗುದ್ದು ಬೀಸುತ್ತಿದ್ದ; ಆಮೇಲೆ ಮಕ್ಕಳು ಬಂದು ಸರ್‌ನ ಗೆಣ್ಣು ನೋಡುತ್ತಿದ್ದರು. ಕೆಂಪಿನ ಸುಳಿವೇ ಇಲ್ಲ! ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ಯತಿನ್ ಕಣ್ಣು ಕೂಡ ಮಿಟುಕಿಸುತ್ತಿರಲಿಲ್ಲ. ಬ್ಯಾಂಕಿನಲ್ಲಿ ಹಗಲು, ಪಿಯಾನೋದಲ್ಲಿ ರಾತ್ರಿ, ವಾರಕ್ಕೆ ಮೂರು ಬೆಳಗು ಮುರಾರಿಯ ಕೈಯೆದುರು. ಇಪ್ಪತ್ತು ವರ್ಷ ಅವನು ಹಾಗೆ ಕಣ್ಣು ಮಿಟುಕಿಸದೆ ನಿಂತಿದ್ದ.

ಮುಂಬ್ರಾದಲ್ಲಿ ಗಾಡಿ ಸುಮ್ಮನೆ ನಿಂತುಬಿಟ್ಟಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಖಾಡಿ, ಸಮುದ್ರದ ಹಿನ್ನೀರು, ಬೂದು ಬಣ್ಣದ್ದು. ಕೊತ್ತಂಬರಿಯವನು ಮೆಗಾಬ್ಲಾಕಿನ ತಾಯಿತಂದೆಯರನ್ನು ಮರಾಠಿಯಲ್ಲಿ ನೆನೆಸಿಕೊಂಡ. ಮುರಾರಿ ಜೇಬಿನಿಂದ ಕಾಗದ ತೆಗೆದು, ಚೀಲದ ಮೇಲೆ ಹರಡಿ, ಪೆನ್ನಿನ ಮುಚ್ಚಳ ಬಿಚ್ಚಿದ. ಹಾಕಿಬಿಡುವುದು. ಯಾರಿಗೆ ನಷ್ಟ? ಯತಿನ್‌ಗೆ ಸಮಾಧಾನ, ವಾರಿಜಾಗೆ ಸಮಾಧಾನ, ಮಕ್ಕಳಿಗೆ ಮಾಸ್ತರು. ಎಂಟು ತಿಂಗಳ ಹಿಂದೆ, ಬ್ಯಾಂಡಿನ ರೆಕಾರ್ಡಿಂಗಿಗೆ ಹೋಗಿದ್ದ ಕೋಪರ್‌ಖೈರಣೆಯ ಆ ಸ್ಟುಡಿಯೋದಲ್ಲಿ ಎಸಿ ಬಿಟ್ಟಿದ್ದರೂ ಮುರಾರಿಯ ಕುತ್ತಿಗೆ ಬೆವರಿತ್ತು. ಮೂರನೇ ಸಲ ಅದೇ ಜಾಗದಲ್ಲಿ ತಪ್ಪಿದ್ದ, ಮೂರನೇ ಸಲ ಯತಿನ್ ಕೈ ಎತ್ತಿ ರೆಕಾರ್ಡಿಂಗ್ ನಿಲ್ಲಿಸಿದ್ದ. ತಪ್ಪು ನಿಜ. ಯಾಕೋ ಆವತ್ತು ಮೂರು ಎಲ್ಲಿ ಎರಡು ಎಲ್ಲಿ ಎಂದು ಕೈಗೆ ತಿಳಿಯದೆ ಹೋಗಿತ್ತು. ನಿಲ್ಲಿಸಿದ್ದಕ್ಕೆ ಸಿಟ್ಟಿಲ್ಲ, ದೇವರಾಣೆ ಇಲ್ಲ. ಆದರೆ ಯತಿನ್ ಗಾಜಿನ ಆಚೆ ಕೂತವರಿಗೂ ಕೇಳುವ ಹಾಗೆ ಮೈಕಿನಲ್ಲಿ, "ಮುರಾರಿ, ಇದು ನಿನ್ನ ಅಪ್ಪನ ಜಾಗಟೆ ಅಲ್ಲ ಮಾರಾಯ, ಕ್ಲಾವೆ!" ಎಂದುಬಿಟ್ಟ. ಬ್ಯಾಂಡಿನ ಯಜಮಾನ, ಟ್ರಂಪೆಟ್ ಊದುವ ಸಮಿತ್, ಮೂವತ್ತು ತುಂಬದ ಹುಡುಗ, ಅವನಿಗೆ ಅರ್ಧ ಕನ್ನಡ ಅರ್ಥವಾಗುತ್ತದೆ, ಅವನು ನಕ್ಕ. ಒಂದಕ್ಷರ ಅರ್ಥವಾಗದ ಹಾಡುವ ಹುಡುಗಿಯರಿಬ್ಬರೂ ನಕ್ಕರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಮುರಾರಿಯೂ ನಕ್ಕಿದ್ದ, ಎಲ್ಲರಿಗಿಂತ ಜೋರಾಗಿ. ನಗುವಾಗ, ಕೌಂಟರಿನಿಂದ ಓಡಿ ಬಂದು ಬನಿಯನ್ನಿನ ಮೇಲೆ ಶಾಲು ಹೊದ್ದು, ಕಣ್ಣು ಮುಚ್ಚಿ ಜಾಗಟೆ ಹೊಡೆಯುತ್ತಿದ್ದ ಅಪ್ಪನ ಮೊಣಕೈ ಕಣ್ಣಿಗೆ ಕಟ್ಟಿತ್ತು. ಗಾಡಿ ಜಗ್ಗನೆ ಹೊರಟಾಗ ಪೆನ್ನಿನ ತುದಿ ಕಾಗದದ ಅಂಚಿನಲ್ಲಿ ಒಂದು ಗೀರು ಎಳೆಯಿತು. ಅವನು ಮುಚ್ಚಳ ಹಾಕಿದ.

ಥಾಣೆ ಸ್ಟೇಷನ್ನಿನಲ್ಲಿ ಸೇತುವೆ ಹತ್ತಿ ವಾಶಿಯ ಗಾಡಿ ಹಿಡಿಯುವಷ್ಟರಲ್ಲಿ ವಸಂತಕುಮಾರರ ಫೋನು ಬಂತು. ಧಾರವಾಡದವರು, ದೊಡ್ಡ ದನಿ. "ಏನ್ರೀ ಮುರಾರಿ, ಸಹಿ ಮಾಡಿದ್ರೇನು? ಸಂಜಿ ಆರಕ್ಕ ಕಮಿಟಿ ಕೂಡತೈತಿ. ಯತಿನ್ ಸಾಹೇಬ್ರು ದೊಡ್ಡ ಮನಸ್ಸು ಮಾಡ್ಯಾರ, ನೀವು ಒಂದ್ ಗೀಟು ಎಳೀಲಿಕ್ಕೆ ಇಷ್ಟು ಯೋಚನಿ ಮಾಡಾಕತ್ತೀರಿ!" ಆಗಲಿ ಸರ್, ಆರರೊಳಗೆ ಎಂದ ಮುರಾರಿ. ಐರೋಳಿ ದಾಟಿತು, ರಬಾಳೆ ಬಂತು. ಫ್ಯಾಕ್ಟರಿಯ ಚಿಮಣಿಗಳ ಹಿಂದೆ ಅವನ ಆರು ವರ್ಷ ಒಂದು ನಿಮಿಷದಲ್ಲಿ ಹೋಯಿತು. ಅವನು ತನ್ನ ಬಲಗೈಯನ್ನು ನೋಡಿಕೊಂಡ. ಎಲ್ಲರಿಗೂ ಗೊತ್ತಿದ್ದದ್ದು ಇಷ್ಟು: ಸ್ಟುಡಿಯೋ ಆಗಿ ನಾಲ್ಕನೇ ದಿನ ಬೆಳಿಗ್ಗೆ, ಆ ಹಾಲಿನಲ್ಲಿ, ಕೊಡಲಿಯ ಬಾಯಿಯಂತೆ ಬೆರಳು ಜೋಡಿಸಿ ಬೀಸುವ ಅಡ್ಡಕೈಯ ಪೆಟ್ಟು ಯತಿನ್‌ನ ಕಿವಿಯ ಹತ್ತಿರ ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿತ್ತು. ಕೈ ಹೊರಟಾಗ ಬೆರಳು ಜೋಡಿಸಿಯೇ ಇತ್ತು. ಒಂದು ಅಂಗುಲ ಇರುವಾಗ ಎಂದಿನಂತೆ ಭುಜ ತಡೆಯಿತು ಕೂಡ. ಆ ಅಂಗುಲದಲ್ಲಿ ಜಾಗಟೆ ಎಂಬ ಮಾತು ಕೇಳಿಸಿತು, ಹುಡುಗಿಯರ ನಗು ಕೇಳಿಸಿತು, ಭುಜ ಸಡಿಲಾಯಿತು, ಅಂಗೈ ತಿರುಗಿತು, ಬೆರಳು ಬಟ್ಟಲಿನ ಹಾಗೆ ಬಾಗಿತು. ಅದು ಕರಾಟೆಯ ಪೆಟ್ಟೇ ಅಲ್ಲ. ಕಾಂಗಾದ ಮೇಲೆ ಎಲ್ಲಕ್ಕಿಂತ ಚೂಪಾಗಿ ಸಿಡಿಯುವ ಪೆಟ್ಟೊಂದಿದೆ, ಸ್ಲ್ಯಾಪ್ ಎನ್ನುತ್ತಾರೆ, ಗಾಳಿಯನ್ನು ಅಂಗೈಯಡಿ ಹಿಡಿದು ಚರ್ಮಕ್ಕೆ ಅಪ್ಪಳಿಸುವುದು. ಮುರಾರಿಯ ಸ್ಲ್ಯಾಪಿಗೆ ಹಡಗಿನ ಮುದುಕನೂ ತಲೆದೂಗಿದ್ದ. ತಪ್ಪಿ ಬಿದ್ದ ಕೈ ಬಟ್ಟಲಾಗುವುದಿಲ್ಲ.

ಅಷ್ಟನ್ನೂ ಅವನು ಎಂಟು ತಿಂಗಳಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಹೇಳುವುದೋ ಬಿಡುವುದೋ, ಇದೊಂದೇ ಈಗ ಉಳಿದದ್ದು. ಸಹಿ ಹಾಕಿದರೆ ಬಿಟ್ಟ ಹಾಗೆ, ಎಂದೆಂದಿಗೂ.

ವಾಶಿಯ ಸಭಾಂಗಣದಲ್ಲಿ ಸಂಜೆ ನಾಲ್ಕಕ್ಕೆ ಕಾರ್ಯಕ್ರಮ. ವೇದಿಕೆಯ ಮೇಲೆ ಯತಿನ್ ಆಗಲೇ ಪಿಯಾನೋದ ಮುಂದೆ ಕೂತು ಬೆರಳು ಓಡಿಸುತ್ತಿದ್ದ. ಎಂಟು ತಿಂಗಳ ನಂತರ ಅವನ ಮೊದಲ ಕಾರ್ಯಕ್ರಮ. ತೆಳ್ಳಗಾಗಿದ್ದಾನೆ, ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಬಲಗಿವಿಯನ್ನು ಮುಂದೆ ಮಾಡಿ ಕೂತಿದ್ದಾನೆ, ಹಕ್ಕಿ ಕಾಳು ನೋಡುವ ಹಾಗೆ. "ಬಂದ್ಯಾ! ದಾನೆ ಮಾರಾಯ, ಎಷ್ಟು ಹೊತ್ತು!" ಎಂದು ತುಳುವನ್ನೂ ಕನ್ನಡವನ್ನೂ ಕಲಸಿ ಕೂಗಿದ. ಆ ಕೂಗಿನಲ್ಲಿ ಎಳ್ಳಷ್ಟೂ ವಿಷ ಇರಲಿಲ್ಲ. ವಿಷ ಇದ್ದಿದ್ದರೆ ಎಷ್ಟು ಸಲೀಸಾಗುತ್ತಿತ್ತು! ಸಭಾಂಗಣದ ಜನ ಹಳೆಯ ನಕ್ಷೆ ನೋಡಿಕೊಂಡು ಎಲ್ಲ ಜೋಡಿಸಿದ್ದರು. ಮುರಾರಿಯ ಸ್ಟೂಲು, ಕಾಂಗಾದ ಸ್ಟ್ಯಾಂಡು, ಕಾಲಿನಿಂದ ಕ್ಲಾವೆ ಬಾರಿಸುವ ಮರದ ಪೆಟ್ಟಿಗೆ, ಎಲ್ಲವೂ ಯತಿನ್‌ನ ಎಡಕ್ಕೆ. ಇಪ್ಪತ್ತು ವರ್ಷ ಅವನು ಅಲ್ಲೇ ಕೂತದ್ದು. ಬಲಕ್ಕೆ ಹಾಕಿ ಎನ್ನಲು ಎರಡು ಮಾತು ಸಾಕಿತ್ತು. ಯಾಕೆ ಎಂದು ಯಾರಾದರೂ ಕೇಳಿದರೆ ಕಿವಿಯ ಮಾತು ಬರುತ್ತದೆ. ಮುರಾರಿ ಚೀಲ ಬಿಚ್ಚಿ, ಎಡಗಡೆಯೇ ಕೂತ.

ಸೌಂಡ್‌ಚೆಕ್ ನಡುವೆ ಸಮಿತ್ ಯಾವುದೋ ವಯರಿನ ಹಿಂದೆ ಹೋದ. ವೇದಿಕೆಯ ಮೇಲೆ ಇಬ್ಬರೇ. ಯತಿನ್ ಮೆಲ್ಲಗೆ ಏನೋ ನುಡಿಸುತ್ತಿದ್ದ. ಮುರಾರಿ ಎದ್ದು ಬಾಗಿ, ಬೆಳಗಿನಿಂದ ನಾಲಗೆಯ ಮೇಲೆ ಹೊತ್ತು ತಂದದ್ದನ್ನು ಹೇಳಿದ: "ಯತಿನ್, ಆವತ್ತು ಕೈ ತಪ್ಪಿದ್ದಲ್ಲ. ನಾನು ನಿಲ್ಲಿಸ್ಲಿಲ್ಲ." ಯತಿನ್‌ನ ಬೆರಳುಗಳು ಹಾಗೇ ಓಡುತ್ತಿದ್ದವು. ಎರಡು ಸಾಲು ನುಡಿಸಿ ಮುಗಿಸಿ, ನೆರಳು ಕಂಡವನಂತೆ ತಿರುಗಿ, "ಎಂತ ಹೇಳಿದಿ? ಆ ಕಡೆಯಿಂದ ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ ಮಾರಾಯ," ಎಂದು ನಕ್ಕ. "ಏನಿಲ್ಲ. ಮೈಕು ಸ್ವಲ್ಪ ಹತ್ರ ಆಯ್ತು ಅಂದೆ," ಎಂದ ಮುರಾರಿ. ಯತಿನ್ ಮೈಕು ಸರಿಸಿದ. ಮುರಾರಿ ಮರಳಿ ಸ್ಟೂಲಿನ ಮೇಲೆ ಕೂತು, ಕಾಂಗಾದ ಚರ್ಮದ ಮೇಲೆ ಅಂಗೈ ಇಟ್ಟುಕೊಂಡ. ಕೇಳಿಸುವುದಿಲ್ಲವೆಂದು ಗೊತ್ತಿತ್ತಲ್ಲ ನಿನಗೆ? ಗೊತ್ತಿತ್ತು. ಗೊತ್ತಿದ್ದೇ ಆ ಕಡೆಯಿಂದ ಬಾಗಿದೆಯಲ್ಲ? ಹೇಳಿದೆ ಎಂದೂ ಆಗಬೇಕು, ಅವನು ಕೇಳಿಸಿಕೊಳ್ಳಲೂಬಾರದು. ಥೂ, ಇದೆಂಥ ಬಾಳು! ಸತ್ತವರ ಹತ್ತಿರ ಕ್ಷಮೆ ಕೇಳುವ ಹೇಡಿಯಾದರೂ ವಾಸಿ, ಅವರು ಸತ್ತಿರುತ್ತಾರೆ. ಅವನು ಬೆರಳುಗಳನ್ನು ಉಜ್ಜಿ ಉಜ್ಜಿ ಬಿಸಿ ಮಾಡಿಕೊಂಡ.

ನಾಲ್ಕಕ್ಕೆ ಶುರುವಾಯಿತು. ಮುನ್ನೂರು ಜನ ಇದ್ದಿರಬಹುದು. ಮೊದಲ ನಾಲ್ಕು ಹಾಡು ಹೇಗೋ ಸಾಗಿದವು. ಎಲ್ಲರೂ ಒಟ್ಟಿಗೆ ನುಡಿಸುವಾಗ ಯತಿನ್ ಟ್ರಂಪೆಟ್ಟನ್ನೋ ಬೇಸನ್ನೋ ಹಿಡಿದು ಬರುತ್ತಿದ್ದ. ಐದನೆಯದು ಸಮಿತ್ ಕಟ್ಟಿದ್ದು, 'ಖಾಡಿ' ಎಂದು ಹೆಸರು. ಅದರಲ್ಲಿ ಮೊದಲು ಎಲ್ಲರೂ ಸುಮ್ಮನಾಗಬೇಕು. ಮುರಾರಿಯ ಕಾಲಿನ ಕ್ಲಾವೆ ಒಂದೇ ಕೇಳಬೇಕು, ನಾಲ್ಕು ಸುತ್ತು, ಐದನೇ ಸುತ್ತಿಗೆ ಎರಡರ ಜಾಗದಲ್ಲಿ ಪಿಯಾನೋ ಬರಬೇಕು. ಮುರಾರಿ ಕಾಲು ಒತ್ತಿದ. ಮೂರು, ಎರಡು. ಕತ್ತಲ ಸಭಾಂಗಣದಲ್ಲಿ ಮರದ ಸದ್ದು ಒಣಗಿ ಕೇಳುತ್ತಿತ್ತು. ಯತಿನ್ ಇವನ ಕಡೆ ನೋಡುತ್ತಿದ್ದ, ಮುಖವನ್ನಲ್ಲ, ಕಾಲನ್ನು. ಹುಬ್ಬು ಗಂಟಾಗಿತ್ತು. ಅವನಿಗೆ ಸ್ಪಷ್ಟವಾಗಿ ಕೇಳುತ್ತಿಲ್ಲ ಎಂದು ಮುರಾರಿಗೆ ಆಗ ಹೊಳೆಯಿತು, ಕಣ್ಣಿನಿಂದ ಎಣಿಸುತ್ತಿದ್ದಾನೆ. ಅಯ್ಯೋ ದೇವರೇ, ಬಲಕ್ಕೆ ಕೂತಿದ್ದರೆ! ನಾಲ್ಕನೇ ಸುತ್ತು ಮುಗಿದು ಐದನೆಯದರ ಮೂರು ಶುರುವಾಯಿತು, ಯತಿನ್ ಆಗಲೇ ಬಂದುಬಿಟ್ಟ. ಮೂರರ ಮೇಲೆ ಬಂದ. ಅಂಗಿಯ ಗುಂಡಿ ಒಂದು ತಪ್ಪಿ ಹಾಕಿದರೆ ಕೊನೆಯವರೆಗೂ ಹೇಗೆ ತಪ್ಪುತ್ತದೋ ಹಾಗೆ, ಇನ್ನು ಹಾಡಿನುದ್ದಕ್ಕೂ ಎಲ್ಲವೂ ಅಡ್ಡ. ಸಮಿತ್ ತಟ್ಟನೆ ತಿರುಗಿ ನೋಡಿದ. ಬೇಸಿನವನು ತಂತಿಯ ಮೇಲೆ ಬೆರಳು ಎತ್ತಿ ಹಿಡಿದ.

ನ್ಯಾಯವಾಗಿ ಈಗ ಮುರಾರಿ ಕೈ ಎತ್ತಬಹುದಿತ್ತು. ಸ್ಟುಡಿಯೋದಲ್ಲಿ ಯತಿನ್ ಎತ್ತಿದ ಹಾಗೆ. ಮುನ್ನೂರು ಜನರೆದುರು ನಿಲ್ಲಿಸಿ, ಮತ್ತೆ ಮೊದಲಿಂದ. ಇಲ್ಲವೇ ಕ್ಲಾವೆ ಹಿಡಿದು ಸುಮ್ಮನೆ ಕೂರಬಹುದಿತ್ತು, ಹವಾನಾದ ಮುದುಕ ಹೇಳಿಕೊಟ್ಟ ಹಾಗೆ, ಯಾರಿಗಾಗಿಯೂ ತಿರುಗದೆ. ಯತಿನ್ ಬೆವರಿ, ತಡವರಿಸಿ, ತಾನೇ ನಿಲ್ಲುತ್ತಿದ್ದ. ಮುರಾರಿ ಎರಡನ್ನೂ ಮಾಡಲಿಲ್ಲ. ಮೂರು ಹೊಡೆಯಬೇಕಾದ ಜಾಗದಲ್ಲಿ ಕಾಲನ್ನು ತಡೆದು ಎರಡನ್ನೇ ಇನ್ನೊಮ್ಮೆ ಹೊಡೆದ. ಕ್ಲಾವೆಯನ್ನು ತಿರುಗಿಸಿಬಿಟ್ಟ. ಮೂವತ್ತು ವರ್ಷದಲ್ಲಿ ಬೇಕೆಂದು ಮಾಡಿದ್ದು ಇದೊಂದೇ ಸಲ. ತಿರುಗಿದ ಕ್ಲಾವೆಯ ಮೇಲೆ ಯತಿನ್‌ನ ಪಿಯಾನೋ ಸರಿಯಾಗಿ ಕೂತಿತು, ಬೇಸಿನವನು ಉಸಿರು ಬಿಟ್ಟು ಹಿಂದೆ ಬಂದ, ಜನಕ್ಕೆ ಏನೂ ತಿಳಿಯಲಿಲ್ಲ. ಹಾಡು ಮುಗಿದಾಗ ಚಪ್ಪಾಳೆ ಜೋರಾಗಿಯೇ ಬಂತು.

ಮಧ್ಯಂತರದಲ್ಲಿ ಪರದೆ ಬೀಳುತ್ತಲೇ ಸಮಿತ್ ನೇರ ಇವನ ಹತ್ತಿರ ಬಂದ. "ಸರ್, ಕ್ಲಾವೆ ಪಲಟ್ ಗಯೀ! ಕೈಸೇ?" ಮುರಾರಿಯ ಬಾಯಿಂದ ಮಾತು ತಡೆಯದೆ ಬಂತು: "ಮೇರೀ ಗಲ್ತೀ. ಧ್ಯಾನ್ ನಹೀ ಥಾ." ಎಷ್ಟು ಸಲೀಸು! ಮಾಡದ ತಪ್ಪನ್ನು ಒಪ್ಪಿಕೊಳ್ಳಲು ನಾಲಗೆಗೆ ಒಂದಿಷ್ಟೂ ಭಾರವಿಲ್ಲ. ಸಮಿತ್ ಅವನ ಭುಜ ತಟ್ಟಿ, ಹೋತಾ ಹೈ ಸರ್, ಉಮ್ರ್ ಕೇ ಸಾಥ್ ಹೋತಾ ಹೈ ಎಂದ. ವಯಸ್ಸಾದ ಮೇಲೆ ಹೀಗೆಲ್ಲ ಆಗುತ್ತದಂತೆ. ಐವತ್ತೆರಡರ ಮುರಾರಿ ನಕ್ಕ. ಸಮಿತ್‌ನ ಹೆಗಲಾಚೆ ಯತಿನ್ ನಿಂತಿದ್ದ, ಬಲಗಿವಿ ಇತ್ತ ಮಾಡಿಕೊಂಡು.

ಗ್ರೀನ್‌ರೂಮಿನ ಬಾಗಿಲು ಹಾಕಿದವನು ಯತಿನ್. ಅವನ ಮುಖ ಕೆಂಪಾಗಿತ್ತು. "ಆ ತಪ್ಪು ನಂದು," ಎಂದ. "ನಂಗೆ ಕ್ಲಾವೆ ಸರೀ ಕೇಳ್ಲೇ ಇಲ್ಲ. ನಿನ್ನ ಕಾಲು ನೋಡಿ ಅಂದಾಜಿಗೆ ಬಂದೆ. ನೀನು ತಿರುಗಿಸಿದ್ದು ಗೊತ್ತಾಯ್ತು ನಂಗೆ. ಯಾಕೆ ತಿರುಗಿಸಿದಿ?"

"ಬಿಡು ಮಾರಾಯ, ಆಯ್ತಲ್ಲ."

"ಬಿಡುದು ಎಂತದ್ದು? ಅವನ ಹತ್ರ ನಿನ್ನ ತಪ್ಪು ಅಂತ ಬೇರೆ ಹೇಳಿದಿ. ನಾನೆಂತ ಸಣ್ಣ ಮಗುವಾ, ನೀನು ಎತ್ಕೊಂಡು ತಿರುಗ್ಲಿಕ್ಕೆ? ಇನ್ನು ಜೀವಮಾನ ಇಡೀ ಎಲ್ರೂ ಹೀಗೇ ಪಾಪ ಪಾಪ ಅಂತ ಮುಚ್ಚಿಡುದಾ? ನನ್ನ ತಪ್ಪು ನನ್ನ ಹತ್ರ ಇರ್ಲಿ. ಅಷ್ಟು ಮರ್ಯಾದಿ ಕೊಡು ನಂಗೆ!"

ಮುರಾರಿಯ ಕೈ ಜೇಬಿಗೆ ಹೋಯಿತು. ನಾಲ್ಕಾಗಿ ಮಡಚಿದ ಕಾಗದ ಬೆವರಿಗೆ ಮೆತ್ತಗಾಗಿತ್ತು. ಅದನ್ನು ಮೇಜಿನ ಮೇಲೆ, ಸಮೋಸದ ತಟ್ಟೆಯ ಪಕ್ಕ ಇಟ್ಟು, "ಹಾಗಾದ್ರೆ ನಂದೂ ನಂಗೆ ವಾಪಸ್ ಕೊಡು," ಎಂದ.

ಯತಿನ್ ಕಾಗದವನ್ನು ನೋಡಿದ. ಮುಖದ ಕೆಂಪು ನಿಧಾನವಾಗಿ ಇಳಿಯಿತು. ಮುರಾರಿ ಮೇಜು ಸುತ್ತಿ ಬಂದು ಅವನ ಬಲಕ್ಕೆ ನಿಂತ. ನಾಲ್ಕು ಹೆಜ್ಜೆಯ ಆ ಸುತ್ತು ಡೊಂಬಿವಲಿಯಿಂದ ವಾಶಿಗಿಂತ ದೂರವಿತ್ತು. "ನೀನು ಮುಂದೆ ಬರ್ಲಿಲ್ಲ," ಎಂದ. ಮತ್ತೆ ಹೇಳಿದ. "ನೀನು ಒಂದು ಹೆಜ್ಜೆಯೂ ಮುಂದೆ ಬರ್ಲಿಲ್ಲ. ನಂಗೆ ನಿಲ್ಲಿಸ್ಲಿಕ್ಕೆ ಆಗ್ತಿತ್ತು. ನಿಲ್ಲಿಸಿ ಆಗಿತ್ತು. ಆಮೇಲೆ ಹೊಡೆದೆ."

"ಗೊತ್ತುಂಟು," ಎಂದ ಯತಿನ್.

ಹೊರಗೆ ಯಾರೋ ಟ್ರಂಪೆಟ್ಟಿನಲ್ಲಿ ಒಂದೇ ಸ್ವರ ಹಿಡಿದು ಪರೀಕ್ಷಿಸುತ್ತಿದ್ದರು. ಯತಿನ್ ಕುರ್ಚಿ ಎಳೆದು ಕೂತ. "ಇಪ್ಪತ್ತು ವರ್ಷ ಆ ಸದ್ದಿನ ಪಕ್ಕ ಕೂತವ ನಾನು. ಈ ಕಿವಿಗೆ ಕೊನೆಗೆ ಕೇಳಿದ್ದು ನಿನ್ನ ಸ್ಲ್ಯಾಪು. ಅಷ್ಟೂ ಗುರ್ತ ಸಿಗುದಿಲ್ವಾ ನಂಗೆ?"

"ಮತ್ತೆ ಯಾಕೆ ಹೀಗೆ ಬರೆದಿ?"

"ಜಾಗಟೆ ಅಂತ ಹೇಳಿದ್ದು ನಾನಲ್ವಾ. ನಿಮ್ಮ ಅಪ್ಪ ನನಗೆ ಎಷ್ಟು ಮಸಾಲೆದೋಸೆ ಹಾಕಿದ್ದಾರೆ. ಹೇಳಿದ ಕೂಡ್ಲೇ ನಾಲಗೆ ಕಚ್ಕೊಂಡೆ, ಆದ್ರೆ ನೀನು ನಗ್ತಾ ಇದ್ದಿ." ಅವನು ಕಾಗದದ ಮಡಿಕೆಯನ್ನು ಉಗುರಿನಿಂದ ನೇವರಿಸಿದ. "ಒಂದು ಮಾತಿಗೆ ಒಂದು ಕಿವಿ ಹೋಯ್ತು ಅಂತ ಹೆಂಡತಿಗೆ ಹೇಗೆ ಹೇಳುದು? ಇಪ್ಪತ್ತು ವರ್ಷದ ಸ್ನೇಹಿತ ಹೊಡೆದ ಅಂತ ಹೇಗೆ ಹೇಳುದು? ಕಾಲು ಮುಂದೆ ಹೋಯ್ತು ಅಂದ್ರೆ ನಿದ್ರೆ ಬರ್ತದೆ ಮುರಾರಿ. ನಾನು ಅದನ್ನೇ ನಂಬ್ಲಿಕ್ಕೆ ಕಲೀತಾ ಇದ್ದೆ. ಅರ್ಧ ನಂಬಿಯೂ ಆಗಿತ್ತು. ನೀನು ಅದನ್ನೂ ಇಟ್ಕೊಳ್ಳಿಕ್ಕೆ ಬಿಡ್ಲಿಲ್ಲ."

ಮುರಾರಿ ಬೈಗುಳಕ್ಕೆ ಸಿದ್ಧನಾಗಿದ್ದ, ಹೊಡೆತಕ್ಕೂ ಸಿದ್ಧನಾಗಿದ್ದ. ಹೇಳಿಬಿಟ್ಟರೆ ಹಗುರಾಗುತ್ತದೆ ಎಂದುಕೊಂಡಿದ್ದನಲ್ಲ, ಹಗುರಾದದ್ದು ಯಾರಿಗೆ? ಎರಡನೇ ಸಲವೂ ಯತಿನ್‌ಗೇ ಪೆಟ್ಟು. ಕ್ಷಮಿಸು ಎನ್ನಲು ಹೊರಟ, ಆ ಮಾತು ಎಷ್ಟು ಸಣ್ಣದೆಂದು ಕಂಡು ನುಂಗಿಕೊಂಡ. ಫೋನು ತೆಗೆದು, ಅಲ್ಲೇ, ಯತಿನ್‌ನ ಎದುರಿಗೇ ವಸಂತಕುಮಾರರಿಗೆ ಹಚ್ಚಿದ. ಸಹಿ ಹಾಕುವುದಿಲ್ಲ ಸರ್, ಅದರಲ್ಲಿ ಬರೆದದ್ದು ನಿಜವಲ್ಲ, ತಪ್ಪು ನನ್ನದು, ಬೇಕೆಂದೇ ಆದದ್ದು ಎಂದ. ಆ ಕಡೆಯ ದೊಡ್ಡ ದನಿ ತಟ್ಟನೆ ತಗ್ಗಿತು. "ಹಂಗಾದ್ರ ಇನ್ನ ಹಾಲಿನ ಕಡೆ ಬರಬ್ಯಾಡ್ರಿ," ಎಂದರು. ಮುರಾರಿಗೆ ಸಾಲಾಗಿ ನಿಂತ ಮಕ್ಕಳ ಬಿಳಿ ಬಟ್ಟೆ ಕಣ್ಣೆದುರು ಬಂತು. ಆಯ್ತು ಸರ್ ಎಂದು ಫೋನು ಇಟ್ಟ.

ಬಾಗಿಲು ಬಡಿದು ಸಮಿತ್ ಐದು ನಿಮಿಷ ಎಂದು ಕೂಗಿದ. ಯತಿನ್ ಎದ್ದು ಕಾಗದವನ್ನು ತನ್ನ ಜೇಬಿಗೆ ಹಾಕಿಕೊಂಡ, ಹರಿಯಲಿಲ್ಲ. ಬಾಗಿಲ ಹತ್ತಿರ ನಿಂತು, ತಿರುಗದೆ ಹೇಳಿದ: "ಎರಡನೇ ಭಾಗಕ್ಕೆ ಬಲಗಡೆ ಕೂತ್ಕೋ. ಕೇಳ್ಬೇಕು ನಂಗೆ. ಅದು ಮುಗಿದ ಮೇಲೆ ಎಂತ ಅಂತ ನಂಗೂ ಗೊತ್ತಿಲ್ಲ."

ಮುಚ್ಚಿದ ಪರದೆಯ ಹಿಂದೆ ಮುರಾರಿಯೇ ಸ್ಟೂಲು ಹೊತ್ತ, ಸ್ಟ್ಯಾಂಡು ಹೊತ್ತ, ಕ್ಲಾವೆಯ ಪೆಟ್ಟಿಗೆ ಹೊತ್ತ. ಏಕೆ ಸರ್ ಎಂದು ಸಮಿತ್ ಕೇಳಿದ್ದಕ್ಕೆ, "ಇವನಿಗೆ ಎಡಗಡೆ ಕೇಳುವುದಿಲ್ಲ," ಎಂದ, ಎಲ್ಲರಿಗೂ ಕೇಳುವ ಹಾಗೆ. ಯತಿನ್ ತಲೆಯಾಡಿಸಿದ. ಬಲಗಡೆಯಿಂದ ಯತಿನ್‌ನ ಮುಖ ಬೇರೆಯೇ ಇತ್ತು. ಈ ಕಡೆಯ ಕೆನ್ನೆಯಲ್ಲಿ ಒಂದು ಹಳೆಯ ಮಚ್ಚೆ, ಇಪ್ಪತ್ತು ವರ್ಷ ಪಕ್ಕದಲ್ಲೇ ಕೂತು ಮುರಾರಿ ಅದನ್ನು ಸರಿಯಾಗಿ ನೋಡಿರಲಿಲ್ಲ. ಜಾಗ ಇಕ್ಕಟ್ಟು. ಕಾಂಗಾದ ಅಂಚಿಗೂ ಆ ಕಿವಿಗೂ ನಡುವೆ ಹೆಚ್ಚೆಂದರೆ ಎರಡು ಮೊಳ.

ಪರದೆ ಸರಿಯಿತು. ದೀಪ ಬಂತು. ಈ ಹಾಡು ಕಾಂಗಾದ ಒಂಟಿ ಸ್ಲ್ಯಾಪಿನಿಂದ ಶುರುವಾಗಬೇಕು. ಮುರಾರಿ ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿದ, ಬೆರಳು ತಾವಾಗಿಯೇ ಬಟ್ಟಲಾದವು. ಯತಿನ್ ಕಣ್ಣು ಮಿಟುಕಿಸಿದ. ಅವನ ತಲೆ ಒಂದು ಅಂಗುಲ ಹಿಂದಕ್ಕೆ ಸರಿಯಿತು, ಒಂದೇ ಅಂಗುಲ, ಆಮೇಲೆ ಅವನೇ ಅದನ್ನು ಮರಳಿ ಮೊದಲಿನ ಜಾಗಕ್ಕೆ ತಂದು, ಬಲಗಿವಿಯನ್ನು ಮುರಾರಿಯ ಕಡೆಗೆ ಒಡ್ಡಿ, ಕಾದು ಕೂತ. ಮುನ್ನೂರು ಜನ ಸದ್ದಿಲ್ಲದೆ ನೋಡುತ್ತಿದ್ದರು. ಮುರಾರಿಯ ಕೈ ಇನ್ನೂ ಗಾಳಿಯಲ್ಲೇ ಇತ್ತು.